ಕಾಕಾನ ಡಬ್ಬಿಯ ಗುಂಯ್

ನಮ್ಮ ಕಾಕಾ ಸಿದ್ಧವಾಗಿ ಸಿಗುವ ಯಾವ ವಸ್ತುವನ್ನೂ ಮನಸಾರೆ ಕೊಂಡವನಲ್ಲ. ಹೆಂಡತಿಯನ್ನೂ ಮನೆಯಲ್ಲೇ ತಯಾರಿಸಲು ಬರುವಂತಿದ್ದರೆ ಹೆಣ್ಣು ನೋಡಲು ಹಾವೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನ ಟಿಕೀಟು ದಂಡ ಮಾಡುತ್ತಲೇ ಇರಲಿಲ್ಲ! ಒಂದು ಕೆಟ್ಟ ರೇಡಿಯೋ, ನಾಲ್ಕು ಮೊಳ ವೈರು, ಒಂದಿಷ್ಟು ಸೋಲ್ಡರ್ ಹಚ್ಚಿ ಜೋಡಿಸಿಬಿಡುತ್ತಿದ್ದ. ಆ ವಿದ್ಯೆ ಅವನಿಗೆ ಬರುತ್ತಿರಲಿಲ್ಲವಾದ್ದರಿಂದ ನಮ್ಮ ಮನೆಗೆ ಕಾಕು ಬಂದಳು. ದೇವರು ದೊಡ್ಡವನು.

ತಂದೆಯ ತಮ್ಮನಿಗೆ ಏಕವಚನ ಹಾಕುತ್ತಾಳಲ್ಲ ಎಂದು ಮೂಗು ಮುರಿಯಬೇಡಿ. ನಮ್ಮ ಕಡೆ ಕಾಕಾ ಎಂದರೆ ಏಕವಚನವೇ. ಅವನಿಗೆ ನಾನು ಬಹುವಚನ ಹಾಕಿದ ದಿನ ಮನೆಯಲ್ಲಿ ಏನೋ ಜಗಳವಾಗಿದೆ ಎಂದು ಓಣಿಯವರು ವಿಚಾರಿಸಲು ಬರುತ್ತಾರೆ.

ಕಾಕಾ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಬೆಳಿಗ್ಗೆ ಹಾವೇರಿಯಿಂದ ಹೋಗಿ ಸಂಜೆ ಮರಳುತ್ತಿದ್ದ. ಅವನು ಬಂದದ್ದು ನಮಗೆ ತಿಳಿಯುತ್ತಿದ್ದುದು ಚಪ್ಪಲಿಯ ಸಪ್ಪಳದಿಂದಲ್ಲ, ನಮ್ಮ ಸೀನಿನಿಂದ. ಅಂಗಿಯ ಮಡಿಕೆಯಲ್ಲಿ, ಕಿವಿಯ ಹಿಂದೆ, ಛತ್ರಿಯ ಕಡ್ಡಿಗಳ ನಡುವೆ ಅಷ್ಟಿಷ್ಟು ಮೆಣಸಿನಕಾಯಿ ಧೂಳು ಹೊತ್ತು ತರುತ್ತಿದ್ದ. ಬೆಕ್ಕು ಕೂಡ ಅವನನ್ನು ಕಂಡರೆ ಎರಡು ಸೀನು ಸೀನಿ ಆಮೇಲೆ ಮೈ ಉಜ್ಜುತ್ತಿತ್ತು.

ಸಂಜೆ ಚಹಾ ಕುಡಿದವನೇ ಹಿತ್ತಲ ಕೋಣೆ ಸೇರುತ್ತಿದ್ದ. ಅಲ್ಲಿ ಅವನ ಕಾರ್ಖಾನೆ. ಅವನು ಮಾಡಿದ ಕರೆಗಂಟೆ ಬೀಗರು ಬಂದಾಗ ಮೌನ ಹಿಡಿದು, ಯಾರೂ ಇಲ್ಲದಾಗ ತಾನೇ ಬಾರಿಸಿಕೊಳ್ಳುತ್ತಿತ್ತು. ಅವನ ಟೇಬಲ್ ಫ್ಯಾನು ಗಾಳಿ ಬೀಸಿದ್ದಕ್ಕಿಂತ ನಡೆದಾಡಿದ್ದೇ ಹೆಚ್ಚು. ಮಲಗುವಾಗ ಕಿಟಕಿಯ ಬಳಿ ಇಟ್ಟರೆ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಸಿಗುತ್ತಿತ್ತು. ಇವನ್ನೆಲ್ಲ ಅಂಗಡಿಯಲ್ಲಿ ಕೊಂಡರೆ ಏನು ಕಳೆದುಕೊಳ್ಳುತ್ತೀ ಎಂದು ನಮ್ಮ ಅಪ್ಪ ಕೇಳಿದರೆ ಕಾಕಾನ ಉತ್ತರ ತಯಾರಿರುತ್ತಿತ್ತು.

“ರೊಟ್ಟಿ ಅಂಗಡ್ಯಾಗ ಕೊಂಡು ತಿಂತೀಯೇನಣ್ಣಾ? ಮನ್ಯಾಗ ಬಡಸ್ತೀ ಇಲ್ಲೋ? ಹಂಗ ಇದೂ.”

ರೊಟ್ಟಿ ಬಡಿಯುವ ನಮ್ಮ ಅವ್ವ ಒಲೆಯ ಮುಂದಿನಿಂದಲೇ, ಬಡಿಯುವವರು ಯಾರು ಎಂಬುದನ್ನೂ ಒಮ್ಮೆ ಯೋಚಿಸಿ ಎನ್ನುತ್ತಿದ್ದಳು. ಆ ಮಾತು ಕಾಕಾನ ಕಿವಿಯ ಹಿಂದಿನ ಮೆಣಸಿನಕಾಯಿ ಧೂಳಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಇಂಥವನಿಗೆ ಎಂಥ ಹೆಂಡತಿ ಸಿಗಬೇಕು ಹೇಳಿ! ಕಾಕು ಅತ್ತೆಯ ಮನೆಗೆ ಬರುವಾಗ ಹಾಸಿಗೆ, ಹಂಡೆ, ತಾಮ್ರದ ಬಿಂದಿಗೆಗಳ ಜೊತೆ ಒಂದು ಗಿಟಾರನ್ನೂ ತಂದಳು. ಹೆಗಲಿಗೆ ಹಾಕಿಕೊಂಡು ಕುಣಿಯುವ ಗಿಟಾರಲ್ಲ. ಮಡಿಲ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಗುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾ ಬಾರಿಸುವ ಗಿಟಾರು. ಹಾರ್ಮೋನಿಯಂ ಕಲಿ ಎಂದರೆ ಹಠ ಹಿಡಿದು ಇದನ್ನೇ ಕಲಿತವಳು. ಮದುವೆಗೆ ಮುಂಚೆ ರಾಣೆಬೆನ್ನೂರಿನ ಓಣಿಯ ಗಣಪತಿ ಪೆಂಡಾಲಿನಲ್ಲಿ ಬಾರಿಸಿ ಎಲ್ಲರಿಂದ ಭೇಷ್ ಎನ್ನಿಸಿಕೊಂಡಿದ್ದಳಂತೆ.

ಆದರೆ ಆ ಗಿಟಾರಿಗೆ ಹೊಟ್ಟೆ ಇರಲಿಲ್ಲ. ಅದೊಂದು ಗಟ್ಟಿ ಹಲಗೆ. ಕರೆಂಟಿನ ಆಂಪ್ಲಿಫೈಯರ್ ಡಬ್ಬಿಗೆ ಜೋಡಿಸಿದರೆ ಮಾತ್ರ ದನಿ. ಇಲ್ಲದಿದ್ದರೆ ಕಿವಿಯ ಬಳಿ ಗುಂಗಾಡು ಹಾರಿದಷ್ಟು ಸದ್ದು. ಆಕೆ ಬಾರಿಸುತ್ತಿದ್ದುದು ಕಲಿಸಿದ ಮಾಸ್ತರರ ಡಬ್ಬಿಯಲ್ಲಿ, ಮಾಸ್ತರರು ಅದನ್ನು ಮದುವೆಗೆ ಉಡುಗೊರೆ ಕೊಡುವಷ್ಟು ಧಾರಾಳಿಗಳಲ್ಲ. ಹೀಗಾಗಿ ಗಿಟಾರು ಹಾವೇರಿಗೆ ಬಂತು, ದನಿ ತವರಿನಲ್ಲೇ ಉಳಿಯಿತು.

ಬೀಗರು ಒಳ್ಳೆಯವರು. ಮುಂಬೈಯಲ್ಲಿ ಫಾರಿನ್ ಡಬ್ಬಿಗಳು ಸೋವಿಗೆ ಸಿಗುತ್ತವೆ, ಒಂದು ತರಿಸಿಕೊಡುತ್ತೇವೆ ಎಂದು ಮದುವೆಯ ಊಟದಲ್ಲೇ ಮಾತು ತೆಗೆದರು. ಎಲೆಯ ಮುಂದೆ ಕೂತ ಕಾಕಾ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದ.

“ಬ್ಯಾಡ್ರಿ ಮಾವಾರ. ಗಿಟಾರ್ ನಿಮ್ಮ ಮನೀದು. ಅದಕ್ಕ ದನಿ ನಮ್ಮ ಮನೀದು ಇರಲಿ. ನಾನ ಮಾಡಿ ಕೊಡ್ತೇನಿ.”

ಹೊಸ ಮದುಮಗಳು ತಲೆ ತಗ್ಗಿಸಿದ್ದರೂ ಆ ಮಾತಿಗೆ ನಕ್ಕಳು ಎಂದು ನಮ್ಮ ಅವ್ವ ಈಗಲೂ ಹೇಳುತ್ತಾಳೆ. ಪಾಪ, ಎಷ್ಟು ವರ್ಷಗಳ ವಾಯಿದೆಗೆ ನಗುತ್ತಿದ್ದೇನೆ ಎಂಬುದು ಆಕೆಗೆ ಹೇಗೆ ತಿಳಿಯಬೇಕು?

ಮೊದಲನೆಯ ಡಬ್ಬಿ ನಿಜವಾಗಿಯೂ ಡಬ್ಬಿಯೇ. ಶೇಂಗಾ ಎಣ್ಣೆಯ ತಗಡಿನ ಡಬ್ಬಿ. ಅದಕ್ಕೊಂದು ಸ್ಪೀಕರು ಕೂರಿಸಿ, ಒಳಗೆ ಹುಬ್ಬಳ್ಳಿಯ ಗುಜರಿಯಿಂದ ತಂದ ಸಾಮಾನು ತುಂಬಿ, ಒಂದು ಭಾನುವಾರ ಪೂಜೆ ಮಾಡಿ ತೆಂಗಿನಕಾಯಿ ಒಡೆದು ಸ್ವಿಚ್ಚು ಒತ್ತಿದ. ಇಡೀ ಮನೆ ಪಡಸಾಲೆಯಲ್ಲಿ ಸೇರಿತ್ತು. ಕಾಕು ಸೆರಗು ಸರಿಪಡಿಸಿಕೊಂಡು ಮೊದಲ ತಂತಿ ಮೀಟಿದಳು. ಡಬ್ಬಿಯೊಳಗಿಂದ ಗಂಭೀರವಾದ ಗಂಡು ದನಿಯೊಂದು, ಹತ್ತಿ ಬೆಳೆಗೆ ಹುಳು ಬಿದ್ದರೆ ಯಾವ ಔಷಧಿ ಹೊಡೆಯಬೇಕು ಎಂದು ವಿವರಿಸಿತು!

ಧಾರವಾಡದ ರೇಡಿಯೋ ಹಿಡಿದುಬಿಟ್ಟಿತ್ತು. ಕಾಕು ಯಾವ ತಂತಿ ಮೀಟಿದರೂ ಹತ್ತಿಯೇ. ಗುಂಡು ಜಾರಿಸಿದರೆ ನಡುನಡುವೆ ಹವಾಮಾನ. ಸುದ್ದಿ ಓಣಿಯಲ್ಲೆಲ್ಲ ಹಬ್ಬಿ, ಪಕ್ಕದ ಅಗಡಿ ಊರಿನಿಂದ ಹಾಲು ತರುತ್ತಿದ್ದ ಮುದುಕರು ದಿನಾ ನಮ್ಮ ಕಟ್ಟೆಯ ಮೇಲೆ ಕೂತು, “ಯವ್ವಾ, ಸ್ವಲ್ಪ ಗಿಟಾರ್ ಬಾರಸ್ರಿ, ಮಳಿ ಬರತೈತೋ ಇಲ್ಲೋ ನೋಡೂಣು” ಎನ್ನತೊಡಗಿದರು. ಕಾಕಾ ಸೋಲೊಪ್ಪಿಕೊಂಡನೆ? ಛೇ, ಎಲ್ಲಿಯ ಮಾತು! ಕೊಂಡು ತಂದ ಡಬ್ಬಿ ಬರೀ ಗಿಟಾರು ಬಾರಿಸುತ್ತದೆ, ತನ್ನದು ಬಾತ್ಮಿಯನ್ನೂ ಹೇಳುತ್ತದೆ ಎಂದು ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ.

ಎರಡನೆಯದು ಕಟ್ಟಿಗೆಯದು. ಎಷ್ಟು ದೊಡ್ಡದೆಂದರೆ ಅಜ್ಜಿ ಅದನ್ನು ಹೊಸ ಕಪಾಟೆಂದು ತಿಳಿದು ತನ್ನ ಎರಡು ಸೀರೆಗಳನ್ನು ಮಡಿಚಿ ತಂದಿದ್ದಳು. ಈ ಸಲ ಕಾಕಾ ಹಳೆಯ ರೇಡಿಯೋಗಳ ವಾಲ್ವುಗಳನ್ನು ಹಾಕಿದ್ದ. ಅಂದರೆ ಉರಿಯುವಾಗ ಕೆಂಪಗೆ ಕಾಯುವ ಗಾಜಿನ ಬುಡ್ಡಿಗಳು. ಪೆಟ್ಟಿಗೆ ಅದುರಿ ದನಿ ಒಡೆಯಬಾರದೆಂದು ಒಳಗೋಡೆಗೆಲ್ಲ ದಪ್ಪ ಗೋಣಿತಟ್ಟು ಹೊಡೆದಿದ್ದ. ಗೋಣಿತಟ್ಟು ಎಲ್ಲಿಂದ ಬಂತು ಎಂದು ನಾನು ಬೇರೆ ಹೇಳಬೇಕೆ?

ಅದರ ಉದ್ಘಾಟನೆ ನಮ್ಮ ಅಕ್ಕನ ನಿಶ್ಚಯದ ದಿನ. ಗುತ್ತಲದ ಬೀಗರು ಬಂದು ಕೂತಿದ್ದರು. ಎಲೆ ಅಡಿಕೆ ತಟ್ಟೆ ನಡುವೆ ಇತ್ತು. ಹುಡುಗಿಯ ಕಾಕು ಎರಡು ದೇವರನಾಮ ಬಾರಿಸುತ್ತಾಳೆಂದು ಕಾಕಾ ತಾನೇ ಘೋಷಿಸಿದ. ರೇಡಿಯೋ ಬರಲಿಲ್ಲ. ನಿಜವಾಗಿಯೂ ಗಿಟಾರೇ ಬಂತು! ಮೊದಲ ದೇವರನಾಮಕ್ಕೆ ಬೀಗರು ತಲೆದೂಗಿದರು. ಎರಡನೆಯದರ ಹೊತ್ತಿಗೆ ಬುಡ್ಡಿಗಳು ಕಾದವು, ಗೋಣಿತಟ್ಟು ಕಾಯಿತು, ಅದರ ಎಳೆಎಳೆಯಲ್ಲಿದ್ದ ಬ್ಯಾಡಗಿಯ ಧೂಳು ಎದ್ದಿತು. ಒಗ್ಗರಣೆ ಹೊತ್ತಿದಂಥ ಘಾಟು ಪಡಸಾಲೆಯನ್ನು ತುಂಬಿತು. ಹುಡುಗನ ತಂದೆ ಅತ್ತರು. ತಾಯಿ ಅತ್ತರು. ಮದುಮಗ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಿಕ್ಕಿದ. ನಮ್ಮ ಅಪ್ಪ ಅಳುತ್ತಲೇ ಅವರ ಕೈಗೆ ತಾಂಬೂಲ ಕೊಟ್ಟ, ಅವರು ಅಳುತ್ತಲೇ ತೆಗೆದುಕೊಂಡರು. ಮುಂದೆ ಗುತ್ತಲದಲ್ಲಿ, ನಿಶ್ಚಯದಲ್ಲೇ ಇಷ್ಟು ಅಳುವ ಅಂತಃಕರಣದ ಮನೆತನ ಸಿಗುವುದು ಕಷ್ಟ ಎಂದು ಹೆಸರಾಯಿತಂತೆ.

ಅಜ್ಜಿ ಕೆಮ್ಮು ನಿಂತ ಮೇಲೆ ಕಾಕಾನನ್ನು ತರಾಟೆಗೆ ತೆಗೆದುಕೊಂಡಳು. ಕಾಕಾ ಶಾಂತನಾಗಿ ಸಮಜಾಯಿಷಿ ಕೊಟ್ಟ.

“ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ ಇರ್ತೈತಿ. ಗುಂಟೂರಿನ ಚೀಲ ಹೊಡದಿದ್ರ ಗೊತ್ತಾಗ್ತಿತ್ತು ನಿಮಗ.”

ನಗುವುದನ್ನು ನಕ್ಕೆವು. ಆದರೆ ಆ ಸಂಜೆ ಕಾಕು ಗಿಟಾರನ್ನು ಅದರ ಹಸಿರು ಗವಸಿನಲ್ಲಿ ಹಾಕಿ ದಾರ ಕಟ್ಟುವಾಗ ನಾನು ಹತ್ತಿರದಲ್ಲೇ ಇದ್ದೆ. ನಾನಾಗ ಕಾಲೇಜಿನ ಹುಡುಗಿ, ಆಕೆಗೂ ನನಗೂ ವಯಸ್ಸಿನಲ್ಲಿ ಬಹಳ ಅಂತರವಿಲ್ಲ. ಎರಡನೆಯ ದೇವರನಾಮ ಅರ್ಧಕ್ಕೇ ನಿಂತಿತಲ್ಲ ಎಂದೆ. ಆಕೆ ದಾರದ ಗಂಟು ಬಿಗಿದಳು.

“ಒಮ್ಮೆರೆ ಮಂದಿ ಮುಂದ ಪೂರಾ ಬಾರಸ್ಬೇಕು ನೋಡವ್ವಾ. ಅಷ್ಟ ಆಸೆ. ಮದಿವಿ ಆದ ಮ್ಯಾಲೆ ನಾ ಬಾರಸ್ತೇನಿ ಅನ್ನೂದ ಯಾರಿಗೂ ಗೊತ್ತಿಲ್ಲ.”

ಕಾಕಾನಿಗೂ ಆ ಆಸೆ ಗೊತ್ತಿತ್ತು. ಅದಕ್ಕೇ ಗೋಣಿತಟ್ಟನ್ನು ಕಿತ್ತೆಸೆದ. ಸ್ವಚ್ಛ ಹತ್ತಿ ತುಂಬಿದ. ವಾಲ್ವು ತೆಗೆದ, ಮತ್ತೆ ಹಾಕಿದ. ಖಾರ ಹೋಯಿತು, ಧಾರವಾಡ ಹೋಯಿತು, ಗಿಟಾರು ಜೇನಿನಂತೆ ಕೇಳತೊಡಗಿತು. ಆದರೆ ಒಂದು ಉಳಿಯಿತು. ಗುಂಯ್.

ಸ್ವಿಚ್ಚು ಒತ್ತಿದ ಕ್ಷಣದಿಂದ ಆರಿಸುವವರೆಗೆ ಡಬ್ಬಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಜೋರಾಗೇನಲ್ಲ. ಆದರೆ ಕಾಕಾನಿಗೆ ಅದು ಕಿವಿಯಲ್ಲಿ ಹೊಕ್ಕ ಹುಳು. ಸ್ವರಜ್ಞಾನ ಅವನಿಗೆ ಎಳ್ಳಷ್ಟೂ ಇಲ್ಲ; ಭಜನೆಯಲ್ಲಿ ಅವನು ಬಾಯಿ ತೆರೆದರೆ ತಾಳ ಹಾಕುವವರು ತಾಳ ಇಟ್ಟು ನೀರು ಕುಡಿಯಲು ಏಳುತ್ತಿದ್ದರು. ಆದರೂ ಗುಂಯ್ ಎಂಬುದು ತನ್ನ ಕೈಕೆಲಸದ ಕಳಂಕ ಎಂದು ಅವನಿಗೆ ಗೊತ್ತಿತ್ತು. ಊಟಕ್ಕೆ ಕೂತಾಗ ತುತ್ತು ಹಿಡಿದು ನಿಂತುಬಿಡುವನು, ಗುಂಯ್ ಕೇಳಿಸುತ್ತಿದೆ ಎನ್ನುವನು. ಡಬ್ಬಿ ಆರಿಸಿದೆ ಎಂದರೆ, ಹಾಗಾದರೆ ತಲೆಯೊಳಗೆ ಕೇಳುತ್ತಿದೆ ಎನ್ನುವನು. ಗುಂಯ್ ಪೂರ್ತಿ ಹೋಗುವವರೆಗೆ ಆ ಡಬ್ಬಿಯನ್ನು ಮಂದಿಯ ಮುಂದೆ ಹಚ್ಚುವುದಿಲ್ಲ ಎಂದು ಆಣೆ ಹಾಕಿದ. ಮಂದಿ ನಗುವುದು ಡಬ್ಬಿಗಲ್ಲ, ಬಾರಿಸುವವಳಿಗೆ ಎಂಬುದು ಅವನ ವಾದ. ಕಾಕು ಆಯಿತು ಎಂದಳು.

ಗುಂಯ್ ಜೊತೆ ಅವನ ಯುದ್ಧವನ್ನು ಏನೆಂದು ವರ್ಣಿಸಲಿ! ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ತಾನೇ ತಂತಿ ಸುತ್ತಿದ. ವೈರುಗಳನ್ನು ಜಡೆ ಹೆಣೆದಂತೆ ಹೆಣೆದ. ಕಡೆಗೆ ಯಾರೋ, ಇದಕ್ಕೆಲ್ಲ ಅರ್ಥಿಂಗ್ ಸರಿ ಇಲ್ಲದ್ದೇ ಕಾರಣ, ಸದಾ ತೇವವಿರುವ ನೆಲಕ್ಕೆ ವೈರು ಹುಗಿಯಬೇಕು ಎಂದರು. ಹಾವೇರಿಯಲ್ಲಿ ನಲ್ಲಿಯ ನೀರು ಬರುವುದೇ ಒಂದು ಹಬ್ಬವಾಗಿದ್ದ ಕಾಲ. ನಮ್ಮ ಮನೆಯಲ್ಲಿ ದಿನಾ ತಪ್ಪದೆ ನೀರು ಕಾಣುವ ನೆಲ ಒಂದೇ, ತುಳಸಿಕಟ್ಟೆ! ಕಾಕಾ ತುಳಸಿಯ ಬುಡಕ್ಕೆ ತಾಮ್ರದ ಪಟ್ಟಿ ಇಳಿಸಿ ಅಲ್ಲಿಂದ ಹಿತ್ತಲ ಕೋಣೆಗೆ ವೈರು ಎಳೆದ. ದೇವರಿಗೆ ಕರೆಂಟು ಹೊಡೆಸುತ್ತೀಯೇನೋ ಎಂದು ಅಜ್ಜಿ ಎರಡು ದಿನ ಮಾತು ಬಿಟ್ಟಳು. ಇದು ದೇವರಿಗೆ ಹೋಗುವ ಕರೆಂಟಲ್ಲ, ದೇವರ ಕಡೆಯಿಂದ ಬರುವ ಶಾಂತಿ ಎಂದು ಕಾಕಾ ಸಮಾಧಾನ ಹೇಳಿದ. ಖರೇನೇ ಗುಂಯ್ ಇಳಿಯಿತು. ಇಳಿಯಿತು, ಹೋಗಲಿಲ್ಲ. ವಿಚಿತ್ರವೆಂದರೆ ಕೆಲವು ದಿನ ಮತ್ತೆ ಏರುತ್ತಿತ್ತು.

ಈ ದಿನಗಳಲ್ಲಿ ಇನ್ನೊಂದು ವಿಚಿತ್ರವನ್ನೂ ನಾನು ಕಂಡಿದ್ದೆ. ಪೂಜೆ ಪುನಸ್ಕಾರದಲ್ಲಿ ಬಲು ಕಟ್ಟುನಿಟ್ಟಾದ ಕಾಕು ಒಮ್ಮೊಮ್ಮೆ ತುಳಸಿಗೆ ನೀರು ಹಾಕುವುದನ್ನೇ ಮರೆಯುತ್ತಿದ್ದಳು. ಅಜ್ಜಿ ಬೈದರೆ ತಲೆ ತಗ್ಗಿಸಿ ಕೇಳುತ್ತಿದ್ದಳು. ಮಧ್ಯಾಹ್ನ ಕಾಕಾ ಬ್ಯಾಡಗಿಯಲ್ಲಿರುವಾಗ ಬಾಗಿಲು ಮುಂದೆ ಮಾಡಿಕೊಂಡು ಗಿಟಾರು ಬಾರಿಸುವಳು. ನಾನು ಓದುತ್ತಾ ಕೂತಿರುತ್ತಿದ್ದೆ. ಡಬ್ಬಿ ಹಚ್ಚಿದ ಕೂಡಲೇ ಶುರುಮಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ತಲೆ ಬಾಗಿಸಿ ಸುಮ್ಮನೆ ಕೂರುವಳು, ಆಮೇಲೆ ತಂತಿಯ ಕಿವಿ ಹಿಂಡುವಳು. ಬುಡ್ಡಿ ಕಾಯಲೆಂದು ಕಾಯುತ್ತಾಳೆ ಎಂದುಕೊಂಡಿದ್ದೆ. ಹಾಗೆ ಶುರುವಾದರೆ ಓದು ಬದಿಗೆ. ಪುಸ್ತಕದ ಒಂದೇ ಹಾಳೆ ಮುಂದಿಟ್ಟುಕೊಂಡು ಒಂದು ಗಂಟೆ ಕೂತದ್ದುಂಟು. ಇಷ್ಟು ಚೆಂದ ಬಾರಿಸುವವಳನ್ನು ಕೇಳಲು ನಾನು ಮತ್ತು ಬೆಕ್ಕು ಇಬ್ಬರೇ!

ಹೀಗೆ ವರ್ಷಗಳು ಉರುಳುತ್ತಿರುವಾಗ ಕಾಕುವಿನ ತಮ್ಮ ರಾಣೆಬೆನ್ನೂರಿನಿಂದ ಬಂದ. ಅವನಿಗೆ ಫಾರಿನ್ ಮಾಲಿನ ಹುಚ್ಚು. ಗಡಿಯಾರ, ಕನ್ನಡಕ, ಉಗುರು ಕತ್ತರಿ ಎಲ್ಲವೂ ಫಾರಿನ್. ಮುಂಬೈಗೆ ಹೋದವನು ಅಕ್ಕನಿಗೆಂದು ಒಂದು ಪುಟ್ಟ ಆಂಪ್ಲಿಫೈಯರ್ ತಂದಿದ್ದ. ಟಿಫಿನ್ ಡಬ್ಬಿಗಿಂತ ತುಸು ದೊಡ್ಡದು, ಕೆಂಪು ಬಣ್ಣ, ಒಂದು ಕೈಯಲ್ಲಿ ಎತ್ತಬಹುದು. ಕಾಕಾ ಇಷ್ಟು ವರ್ಷ ಹುಬ್ಬಳ್ಳಿಯ ಗುಜರಿಗೆ ಸುರಿದದ್ದರಲ್ಲಿ ಇಂಥವು ಎಷ್ಟು ಬರುತ್ತಿದ್ದವೋ ಎಂದು ಅಪ್ಪ ಗೊಣಗಿದ. ಕಾಕಾನ ಎದುರಿಗಲ್ಲ, ಪುಣ್ಯ.

ಕಾಕಾ ಆ ಕೆಂಪು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಸ್ವಿಚ್ಚು ಒತ್ತಿದ. ಕಿವಿ ಹಚ್ಚಿದ. ಏನೂ ಕೇಳಲಿಲ್ಲ.

“ಸತ್ತೈತಿ ಇದು.”

“ಇಲ್ಲ ಮಾಮಾ, ಹತ್ತೈತಿ. ಅದರಾಗ ಗುಂಯ್ ಬರೂದ ಇಲ್ಲ.”

ಕಾಕು ತಂತಿ ಮೀಟಿದಳು. ತೊಳೆದ ಗಾಜಿನಂತೆ ಸ್ವಚ್ಛವಾದ ದನಿ ಬಂತು. ಸುತ್ತ ಮೌನ, ನಡುವೆ ದನಿ ಮಾತ್ರ. ಕಾಕಾ ಅಂದು ಉಂಡನೆಂದು ಉಂಡ. ಯಾವ ಪಲ್ಯವೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹಿತ್ತಲ ಕೋಣೆಗೂ ಹೋಗಲಿಲ್ಲ. ನಾವೆಲ್ಲ ಅವನನ್ನು ಚುಡಾಯಿಸಲು ಕಾದು ಕೂತವರು, ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆವು.

ಅದೇ ತಿಂಗಳು ರಾಣೆಬೆನ್ನೂರಿನಿಂದ ಕರೆ ಬಂತು. ಕಾಕು ಕಲಿತ ಶಾಲೆಯ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಒಂದು ಕಾರ್ಯಕ್ರಮ ಮಾಡುವವರಿದ್ದರು. ಗಣಪತಿ ಪೆಂಡಾಲಿನ ಗಿಟಾರು ನೆನಪಿದ್ದ ಗೆಳತಿಯೊಬ್ಬಳು ಕಾಕುವೇ ಬಾರಿಸಬೇಕೆಂದು ಹಠ ಹಿಡಿದಿದ್ದಳು. ಕಾಕು ಕಾಕಾನ ಮುಖ ನೋಡಿದಳು. ಗುಂಯ್ ಹೋಗಿರಲಿಲ್ಲವಲ್ಲ, ಆಣೆ ಇತ್ತಲ್ಲ.

ಕಾಕಾ ಎದ್ದು ಹೋಗಿ ಕೆಂಪು ಡಬ್ಬಿಯನ್ನು ತಂದು ತಾನೇ ಅರಿವೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

“ಇದನ್ನ ತಗೊಂಡು ಹೋಗೂಣು. ನನ್ನ ಡಬ್ಬಿ ಸಲುವಾಗಿ ನೀ ಮನ್ಯಾಗ ಕುಂತಿದ್ದು ಸಾಕು.”

ಯಾವ ವಸ್ತುವನ್ನೂ ಸಿದ್ಧವಾಗಿ ಒಪ್ಪದ ನಮ್ಮ ಕಾಕಾ ಈ ಮಾತಾಡಿದ! ಆದರೆ ಕಾಕು ಇನ್ನೊಂದು ಬೇಡಿಕೆ ಇಟ್ಟಳು, ಕಪಾಟಿನಂಥ ಹಳೆಯ ಡಬ್ಬಿಯೂ ಬರಲಿ. ಅದೇಕೆ? ಅಲ್ಲಿಯ ಕುರ್ಚಿಗಳು ತನಗೆ ಸರಿಬರುವುದಿಲ್ಲ, ಕೂರಲು ಅದರ ಎತ್ತರ ಹದವಾಗಿದೆ ಎಂದಳು. ಕಾಕಾ ಒಮ್ಮೆ ಕಣ್ಣು ಮುಚ್ಚಿ ತೆರೆದ. ಇಷ್ಟು ವರ್ಷದ ತಪಸ್ಸು ಕಡೆಗೆ ಸ್ಟೂಲಾಯಿತು! ಆದರೂ ಅದನ್ನು ಬಸ್ಸಿನ ಮೇಲೆ ಹೇರಿಸಿದ. ಕಂಡಕ್ಟರನು ಅದರಲ್ಲಿ ಯಾರಿದ್ದಾರೆ ಎಂದು ಕೇಳಿದ.

ಸಭಾಂಗಣ ತುಂಬಿತ್ತು. ಹೆಣ್ಣುಮಕ್ಕಳು, ಅವರ ಗಂಡಂದಿರು, ಮುಂದಿನ ಸಾಲಿನಲ್ಲಿ ಕಾಕುವಿನ ತವರಿನವರು. ವೇದಿಕೆಯ ಮೇಲೆ ಕಾಕು ಕಟ್ಟಿಗೆಯ ಡಬ್ಬಿಯ ಮೇಲೆ ಕೂತಳು, ಪಕ್ಕದ ಸ್ಟೂಲಿನ ಮೇಲೆ ಕೆಂಪು ಡಬ್ಬಿ ಹೊಳೆಯುತ್ತಿತ್ತು. ಎದುರಿಗೆ ಸಭೆಯವರ ಮೈಕು. ಕಾಕಾ ಮೂಲೆಯಲ್ಲಿ ಪರದೆಯ ಬಳಿ ನಿಂತಿದ್ದ. ನಾನು ಮೊದಲ ಸಾಲಿನ ತುದಿಯಲ್ಲಿದ್ದೆ.

ಕಾಕು ತಲೆ ಬಾಗಿಸಿ ಕೂತಳು. ತಂತಿ ಮೀಟಿದಳು, ಕಿವಿ ಹಿಂಡಿದಳು. ಮತ್ತೆ ಮೀಟಿದಳು, ಮತ್ತೆ ಹಿಂಡಿದಳು. ಶುರುಮಾಡಿ ನಾಲ್ಕು ಸ್ವರಕ್ಕೆ ನಿಲ್ಲಿಸಿದಳು. ಇನ್ನೊಮ್ಮೆ ಶುರುಮಾಡಿ ಎರಡಕ್ಕೇ ನಿಲ್ಲಿಸಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದೆ ಯಾರೋ, ಬಾರಿಸುವುದನ್ನು ಮರೆತಿದ್ದಾಳೆ ಎಂದರು. ಇಷ್ಟು ವರ್ಷ ಕಾಯ್ದು ಬಂದವಳು ಹೀಗೆ ಎದ್ದು ಹೋದರೆ ಇನ್ನೆಂದೂ ಗವಸು ಬಿಚ್ಚುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಗ ಕಾಕು ಎದ್ದು ನಿಂತಳು. ಪರದೆಯ ಕಡೆ ತಿರುಗಿದಳು.

“ಏನ್ರಿ, ಇಲ್ಲೆ ಬರ್ರಿ. ನಮ್ಮ ಡಬ್ಬಿ ಹಚ್ಚರಿ.”

ಕಾಕಾ ಗಾಬರಿಯಿಂದ ಬಂದು ಆಕೆಯ ಕಿವಿಯಲ್ಲಿ ಪಿಸುಗುಟ್ಟಿದ. ಪಿಸುಗುಟ್ಟಿದ್ದು ಮೈಕಿನ ಎದುರಿಗೆ. ಇಡೀ ಸಭಾಂಗಣಕ್ಕೆ ಕೇಳಿಸಿತು.

“ಅದು ಗುಂಯ್ ಅಂತೈತಲ್ಲ.”

“ಅನ್ನಲಿ. ಅದ ನನ್ನ ಶ್ರುತಿ. ಅದಿಲ್ಲಂದ್ರ ನನಗ ಷಡ್ಜ ಎಲ್ಲೈತಿ ಅಂತ ತಿಳೀವಲ್ದು.”

ಸಭೆ ಮೊದಲು ನಕ್ಕಿತು. ಆಮೇಲೆ, ಏನಾಯಿತೋ, ಮುಂದಿನ ಸಾಲಿನವರು ಕುರ್ಚಿಯ ತುದಿಗೆ ಸರಿದು ಕೂತರು. ಸಂಗೀತ ಬಲ್ಲ ಯಾರಿಗಾದರೂ ತಂಬೂರಿ ಇಲ್ಲದೆ ಹಾಡು ಎಂದರೆ ಹೇಗಾಗುತ್ತದೆ? ಆಕೆ ಇಷ್ಟು ವರ್ಷ ತನ್ನ ಗಿಟಾರಿನ ತಂತಿಗಳನ್ನು ಆ ಗುಂಯ್‌ಗೇ ಕೂಡಿಸಿಕೊಂಡು ಬಾರಿಸಿದ್ದಳು. ತಲೆ ಬಾಗಿಸಿ ಕಾಯುತ್ತಿದ್ದುದು ಬುಡ್ಡಿಗಲ್ಲ, ಶ್ರುತಿಗೆ.

ಕಾಕಾ ಗಿಟಾರಿನ ವೈರನ್ನು ನಮ್ಮ ಡಬ್ಬಿಗೆ ಜೋಡಿಸಿದ. ಡಬ್ಬಿ ಹಚ್ಚಿದರೆ ಗುಂಯ್ ಭೋರ್ಗರೆಯಿತು. ಅರ್ಥಿಂಗ್ ಇಲ್ಲ, ರಾಣೆಬೆನ್ನೂರಿನಲ್ಲಿ ನಮ್ಮ ತುಳಸಿಕಟ್ಟೆ ಎಲ್ಲಿಂದ ಬರಬೇಕು! ಅತ್ತಿತ್ತ ನೋಡಿದವನೇ ವೇದಿಕೆಯ ಪಕ್ಕದ ಬಾಗಿಲಿಗೆ ಹೋಗಿ ಅದರ ಬದಿಯ ಬರಿನೆಲದಲ್ಲಿ ವೈರು ಹುಗಿದ. ಮುಖ್ಯ ಅತಿಥಿಗಳ ಮುಂದಿದ್ದ ನೀರಿನ ಲೋಟ ಎತ್ತಿ ಅದಕ್ಕೆ ಸುರಿದ. ಅತಿಥಿಗಳು ಗಟಗಟ ಕುಡಿಯುವವರಿದ್ದರು ಪಾಪ, ಚಾಚಿದ ಕೈ ಹಾಗೇ ಉಳಿಯಿತು. ಗುಂಯ್ ಮೆಲ್ಲಗೆ ಇಳಿಯಿತು. ಕಾಕು ಕೈ ಎತ್ತಿ ಸಾಕೆಂದು ಸನ್ನೆ ಮಾಡಿದಳು.

ಆಮೇಲಿನದನ್ನು ನಾನು ಏನು ಬರೆಯಲಿ? ಕಾಕು ಬಾರಿಸಿದಳು. ಪೂರಾ ಬಾರಿಸಿದಳು. ಆಕೆಯ ಅಪ್ಪ ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು. ಈ ಸಲ ಗೋಣಿತಟ್ಟಿನ ನೆಪವೂ ಇರಲಿಲ್ಲ. ಕಡೆಯ ಸ್ವರ ನಿಂತ ಮೇಲೆ ಚಪ್ಪಾಳೆ ಬೀಳುವ ಮುಂಚೆ ಒಂದು ಗಳಿಗೆ ಡಬ್ಬಿಯ ಗುಂಯ್ ಒಂದೇ ಉಳಿಯಿತು. ಕಾಕಾ ಒದ್ದೆ ನೆಲದ ಬಳಿ ವೈರು ಹಿಡಿದು ಕುಕ್ಕರುಗಾಲಿನಲ್ಲಿ ಕೂತು ಅದನ್ನು ಕೇಳುತ್ತಿದ್ದ.

ಮರಳುವ ಬಸ್ಸಿನಲ್ಲಿ ಅವರಿಬ್ಬರ ಹಿಂದಿನ ಸೀಟು ನನ್ನದು. ಮೋಟೆಬೆನ್ನೂರು ದಾಟಿದ ಮೇಲೆ ಕಾಕಾ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ನೀವು ದಿನಾ ಕೇಳಿದ್ದು ಗುಂಯ್ ಕಡಿಮಿ ಆತೇನು ಅಂತ. ಚಲೋ ಐತೇನು ಅಂತ ಒಮ್ಮೆನೂ ಕೇಳಲಿಲ್ಲಲ್ರಿ. ಮತ್ತ ನೀವು ಅಷ್ಟು ಜೀವಾ ಬಿಟ್ಟು ಮಾಡಾಕತ್ತಾಗ ಬ್ಯಾಡ ಅಂತ ಹೆಂಗ ಅನ್ಲಿ? ಎಲ್ಲಿ ಗೆದ್ದ ಬಿಡ್ತಾರೋ ಅಂತ ಅಂಜಿಕಿ ಇತ್ತು. ಅದಕ್ಕ ಅದು ಭಾಳ ಸಣ್ಣ ಆದ ದಿನಾ ತುಳಸಿಗೆ ನೀರು ಹಾಕ್ತಿದ್ದಿಲ್ಲ.”

ನೆಲ ಒಣಗಿದರೆ ಅರ್ಥಿಂಗ್ ಕೆಡುತ್ತದೆ, ಗುಂಯ್ ಏರುತ್ತದೆ! ಕಾಕಾ ನಗತೊಡಗಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡ. ಒರೆಸಿಕೊಂಡ ಅಂಗಿಯ ತೋಳಿನಲ್ಲಿ ಬ್ಯಾಡಗಿಯ ಧೂಳು ಇದ್ದೇ ಇತ್ತು, ಹಾಗಾಗಿ ಹಾವೇರಿ ಮುಟ್ಟುವವರೆಗೂ ಒರೆಸಿಕೊಳ್ಳುತ್ತಲೇ ಬಂದ. ಅದು ಯಾವ ಕಣ್ಣೀರು ಎಂದು ನಾನು ಕೇಳಲು ಹೋಗಲಿಲ್ಲ.

ಕೆಂಪು ಡಬ್ಬಿಯನ್ನು ಕಾಕಾ ತಾನೇ ದೇವರ ಕೋಣೆಯ ಪಕ್ಕದಲ್ಲಿಟ್ಟು, ಒಂದು ಮೈಕು ಜೋಡಿಸಿ, ಅಜ್ಜಿಯ ಸಂಜೆಯ ಭಜನೆಗೆ ಹಚ್ಚಿಕೊಟ್ಟ. ಅಜ್ಜಿಯ ದನಿಗೆ ಗುಂಯ್ ಬೇಕಾಗಿಲ್ಲ, ಆಕೆಯದೇ ಸಾಕಷ್ಟಿದೆ. ಕಾಕು ಆಮೇಲೆ ಹಲವು ಕಡೆ ಬಾರಿಸಿದಳು, ಕಪಾಟಿನಂಥ ಡಬ್ಬಿಯೂ ಎಲ್ಲ ಕಡೆ ಹೋಯಿತು, ಜೊತೆಗೆ ನೆಲಕ್ಕೆ ಹುಗಿಯಲು ಒಂದು ತಾಮ್ರದ ಪಟ್ಟಿ, ಒಂದು ತಂಬಿಗೆ ನೀರೂ ಹೋದವು.

ಮನೆಯಲ್ಲಿ ತುಳಸಿಗೆ ನೀರು ಹಾಕುವ ಕೆಲಸ ಮಾತ್ರ ಅಂದಿನಿಂದ ಕಾಕಾನದು. ಬೆಳಿಗ್ಗೆ ಮಿಂದು ತಂಬಿಗೆ ಹಿಡಿದು ಕಟ್ಟೆಯ ಮುಂದೆ ನಿಲ್ಲುತ್ತಾನೆ. ಒಳಗೆ ಕಾಕು ಡಬ್ಬಿ ಹಚ್ಚಿ ತಲೆ ಬಾಗಿಸಿ ಕೂತಿರುತ್ತಾಳೆ. ಸ ಯಾವುದು ಪ ಯಾವುದು ತಿಳಿಯದ ನಮ್ಮ ಕಾಕಾ ಒಂದೊಂದೇ ಧಾರೆ ಬಿಡುತ್ತಾ, ಪ್ರತಿ ಧಾರೆಗೂ ನಿಂತು ಒಳಗಿನ ಮಾತಿಗಾಗಿ ಕಿವಿಗೊಡುತ್ತಾನೆ.

“ಇನ್ನಷ್ಟು ಹಾಕಲೇನ?”

“ಸಾಕ್ರಿ. ಕೂಡೇತಿ.”